ಕೆಮ್ಮಣ್ಣಿನ ಕೊಡ

ಮಡಕೆಯಕ್ಕ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದ ಮಾತೊಂದಿತ್ತು. ಅವಳಿಗೆ ತನ್ನ ತಾಯಿಯ ಮುಖ ನೆನಪಿರಲಿಲ್ಲ.

ತಾಯಿ ತೀರಿಕೊಂಡಾಗ ಅವಳಿಗೆ ಏಳು ವರ್ಷ. ಈಗ ಐವತ್ತೆರಡು. ಮುಖ ಯಾವ ವರ್ಷ ಅಳಿಸಿಹೋಯಿತೆಂದು ಅವಳಿಗೂ ತಿಳಿಯಲಿಲ್ಲ. ದಿನಾ ತುಳಿಯುವ ಮೆಟ್ಟಿಲು ಸವೆಯುವುದು ಯಾರ ಕಣ್ಣಿಗೆ ಬೀಳುತ್ತದೆ? ಒಂದು ದಿನ ಹುಡುಕಿದಳು, ಇರಲಿಲ್ಲ. ದನಿ ಒಂದಿಷ್ಟು ಉಳಿದಿತ್ತು. ಒದ್ದೆ ಮಣ್ಣಿನ ಕೈ ಕೆನ್ನೆಗೆ ತಾಗಿದ ತಂಪು ಉಳಿದಿತ್ತು. ಮುಖ ಇರಬೇಕಾದ ಜಾಗ ಮಾತ್ರ ಬಟಾಬಯಲು.

ಅವಳು ಅಪ್ಪನಿಗೆ ಒಬ್ಬಳೇ ಮಗಳು. ಮದುವೆಯಾದ ಮೇಲೂ ಅಪ್ಪನ ಮನೆಯಲ್ಲೇ ಉಳಿದು, ಅಪ್ಪನೂ ಗಂಡನೂ ಹೋದ ಮೇಲೆ ಅಪ್ಪನ ತಿಗರಿಯನ್ನೇ ತಿರುಗಿಸಿ, ತಾನೇ ಮಡಕೆ ಸುಡುವ ಆವಿಗೆ ಒಟ್ಟಿ ಬೆಂಕಿ ಹಾಕಿ, ಊರಿಗೆಲ್ಲ ಮಡಕೆಯಕ್ಕ ಅನ್ನಿಸಿಕೊಂಡವಳು. ಈಗ ಆ ಮನೆಯಲ್ಲಿ ಎರಡು ಕಸುಬು ನಡೆಯುತ್ತಿದ್ದವು. ಹಿತ್ತಲ ಚಪ್ಪರದಡಿ ಅತ್ತೆಯ ತಿಗರಿ, ಬೀದಿಯ ಕಡೆಗಿನ ಕೋಣೆಯಲ್ಲಿ ಸೊಸೆಯ ಫೋಟೋ ಸ್ಟುಡಿಯೋ. ನಡುವಿನ ಅಡುಗೆಮನೆ ಯಾರ ಪಾಲಿಗೂ ಪೂರ್ತಿ ಸೇರಿರಲಿಲ್ಲ. ಮಗ ನೀರಿನ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ; ಊಟದ ಹೊತ್ತಿಗೆ ಬಂದು, ಇಬ್ಬರ ದೂರನ್ನೂ ಕೇಳಿಸಿಕೊಂಡು, ಯಾರ ಪರವಾಗಿಯೂ ಬಾಯಿ ಬಿಡದೆ ಕೈ ತೊಳೆದು ಹೋಗುವುದರಲ್ಲಿ ಚೆನ್ನಾಗಿ ಪಳಗಿದ್ದ.

ಸ್ಟುಡಿಯೋ ಶುರುವಾದಾಗ ಅಲ್ಲಿದ್ದದ್ದು ಒಂದು ಟ್ಯೂಬ್‌ಲೈಟು, ಒಂದು ನೀಲಿ ಪರದೆ. ಗುರುತಿನ ಚೀಟಿಗೆ ಫೋಟೋ ತೆಗೆಸಿಕೊಂಡವರು, ‘ಇದನ್ನ ನೋಡಿದ್ರೆ ಕಾಮಾಲೆ ಅಂತ ಆಸ್ಪತ್ರೆಗೆ ಸೇರಿಸ್ಕೊತಾರೆ’ ಎಂದು ನಗುತ್ತಿದ್ದರು. ಸೊಸೆ ಹಟದವಳು. ಒಂದೊಂದಾಗಿ ಕಲಿತಳು, ಒಂದೊಂದಾಗಿ ಕೂಡಿಸಿದಳು. ಬಿಳಿ ಬಟ್ಟೆಯ ಛತ್ರಿ ಕಟ್ಟಿದ ಎರಡು ದೊಡ್ಡ ದೀಪ ಬಂದವು. ಕ್ಯಾಮೆರಾ ಅಲುಗದಂತೆ ಮೂರು ಕಾಲಿನ ಸ್ಟ್ಯಾಂಡ್ ಬಂತು. ಇರುವೆಯ ಮೀಸೆಯನ್ನೂ ಹಿಡಿಯುವ ಲೆನ್ಸ್ ಬಂತು. ಮೂಲೆಯಲ್ಲಿ ಕಂಪ್ಯೂಟರ್ ಕೂತಿತು.

ಏನಾದರೊಂದು ನೆಪ ಮಾಡಿಕೊಂಡು ಮಡಕೆಯಕ್ಕ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಸೊಸೆ ಬಿಳಿಯ ಥರ್ಮಕೋಲ್ ಹಲಗೆಯನ್ನು ಒಂದು ಗೇಣು ಈಚೆ ಸರಿಸುವಳು. ಕೂತವರ ಕಣ್ಣಿನ ಕೆಳಗಿನ ಕಪ್ಪು ಮಾಯವಾಗುವುದು. ದೀಪವನ್ನು ಒಂದು ಮೊಳ ಹಿಂದಕ್ಕೆ ಒಯ್ಯುವಳು. ಸಿಡುಕು ಮೋರೆಯ ಅಂಗಡಿಯವನೂ ಸಾಧುವಾಗಿಬಿಡುವನು.

‘ಬೆಳಕಿಗೂ ಹದ ಇದ್ಯಲ್ಲೇ!’ ಎಂದು ಒಮ್ಮೆ ಅತ್ತೆ ಬಾಯಿಬಿಟ್ಟು ಹೇಳಿದ್ದಳು.

‘ನೀವು ಮಣ್ಣಿಗೆ ನೀರು ಹಾಕ್ತೀರಿ, ನಾನು ನೆರಳು ಹಾಕ್ತೀನಿ ಅತ್ತೆ. ಮೊದ್ಲು ಬಾಗಿಲು ಬಿಡಿ, ನಿಮ್ಮ ಕೆಂಪು ಬಟ್ಟೆ ಬಣ್ಣ ಇವರ ಕೆನ್ನೆ ಮೇಲೆ ಬೀಳ್ತಿದೆ.’

ಬಟ್ಟೆಯ ಬಣ್ಣ ಇನ್ನೊಬ್ಬರ ಕೆನ್ನೆಗೆ ಹೋಗುತ್ತದೆಂಬ ಸಂಗತಿ ಮಡಕೆಯಕ್ಕನಿಗೆ ಎರಡು ದಿನ ತಲೆಯಿಂದ ಇಳಿಯಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಚಿಕ್ಕಮ್ಮ ಬಂದಳು. ಚಿಕ್ಕಮ್ಮನೆಂದರೆ ಮಡಕೆಯಕ್ಕನ ತಾಯಿಯ ತಂಗಿ. ವಯಸ್ಸು ಅರವತ್ತೈದು ದಾಟಿದರೂ ನಾಲಿಗೆಗೆ ಇನ್ನೂ ಹದಿನಾರು. ತಾಯಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಅವಳೊಬ್ಬಳೇ. ತನ್ನ ಗಂಡನ ಹಳೆಯ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತೆಂದು ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಫೋಟೋ ಒಂದನ್ನು ಚೀಲದಿಂದ ತೆಗೆದಳು.

‘ತಗೋ. ನಿಮ್ಮಪ್ಪ ಕೂತಿರೋ ಠೀವಿ ನೋಡು. ಮಡಕೆ ಮಾರೋಕೆ ಬಂದಿದ್ದಾನೋ, ರಾಜ್ಯ ಗೆಲ್ಲೋಕೆ ಬಂದಿದ್ದಾನೋ.’

ಸಂತೆಯಲ್ಲಿ ಯಾರೋ ತೆಗೆದ ಚಿತ್ರ. ಮುಂದೆ ಬಿಸಿಲಲ್ಲಿ ಮಡಕೆಗಳ ಸಾಲು, ನಡುವೆ ಅಪ್ಪ. ಅವನ ಬೆನ್ನ ಹಿಂದೆ ಚಪ್ಪರದ ನೆರಳು ಕಾಡಿಗೆ ಬಳಿದಂತೆ ಕಪ್ಪಗಿತ್ತು.

‘ಹಿಂದೆ ನಿಂತಿದ್ದಾಳಲ್ಲ, ನಿಮ್ಮಮ್ಮ’ ಎಂದಳು ಚಿಕ್ಕಮ್ಮ.

‘ಎಲ್ಲಿ?’

‘ಆ ಕತ್ತಲಲ್ಲಿ. ನಂಗೆ ಗೊತ್ತಿರೋದ್ರಿಂದ ಹೇಳ್ತಿದ್ದೀನಿ, ಕಾಣುತ್ತೆ ಅಂತಲ್ಲ.’

ಮಡಕೆಯಕ್ಕನ ಕೈಯೆಲ್ಲ ಕೆಸರು. ಮುಟ್ಟಲಿಲ್ಲ. ‘ಏ, ಬಾರೇ ಇಲ್ಲಿ’ ಎಂದು ಸೊಸೆಯನ್ನು ಕೂಗಿದಳು. ಆ ಕೂಗಿನಲ್ಲಿ ಏನೋ ಇತ್ತು. ಸೊಸೆ ಗಿರಾಕಿಯನ್ನು ಕೂರಿಸಿಯೇ ಓಡಿಬಂದಳು.

ಚಿಕ್ಕಮ್ಮ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಆಮೇಲೆ ಸೊಸೆ ಸ್ಟುಡಿಯೋದ ಬಾಗಿಲು ಹಾಕಿದಳು. ಫೋಟೋವನ್ನು ಮೇಜಿನ ಮೇಲೆ ಮಲಗಿಸಿ, ಹಳೆಯ ಕಾಗದದ ಹೊಳಪು ಕಣ್ಣಿಗೆ ಹೊಡೆಯದ ಹಾಗೆ ದೀಪಗಳನ್ನು ಎರಡು ಪಕ್ಕದಲ್ಲೂ ಓರೆಯಾಗಿ ನಿಲ್ಲಿಸಿ, ಮೇಲಿನಿಂದ ಚಿತ್ರ ತೆಗೆದಳು. ಅದು ಕಂಪ್ಯೂಟರಿನ ಪರದೆಯ ತುಂಬ ತೆರೆದುಕೊಂಡಿತು.

‘ಬಿಸಿಲಿನ ಭಾಗನ ಮುಟ್ಟಲ್ಲ ಅತ್ತೆ. ನೆರಳನ್ನ ಮಾತ್ರ ಮೆಲ್ಲಗೆ ಎತ್ತುತ್ತೀನಿ.’

ಕಲಕಿದ ಬಾವಿಯ ಕೆಸರು ತಳಕ್ಕಿಳಿಯುವಾಗ ನೀರಿನೊಳಗಿನದು ಹೇಗೆ ಕಾಣತೊಡಗುತ್ತದೋ, ಹಾಗೆ. ಮೊದಲು ಚಪ್ಪರದ ಕಂಬವೊಂದು ಬಂತು. ಅದರ ಪಕ್ಕದಲ್ಲಿ ಬಟ್ಟೆಯ ಅಂಚು. ಒಂದು ಮೊಣಕೈ. ಆ ಮೊಣಕೈಯೊಳಗೆ, ಸೊಂಟದ ಮುಂದೆ, ಒಂದು ಕೊಡ. ಐವತ್ತು ವರ್ಷದಿಂದ ಆ ಕಪ್ಪಿನೊಳಗೆ ಒಬ್ಬಳು ನಿಂತೇ ಇದ್ದಳು. ಕೊನೆಗೆ ಬೇಳೆಯಷ್ಟು ಅಗಲದ ಮುಖ ಬಂತು. ಮುಖವೆಂದರೆ ಬೂದುಬಣ್ಣದ ಒಂದು ಮಸುಕು ಕಲೆ.

‘ಇನ್ನೂ ಎತ್ತು.’

‘ಅಷ್ಟೇ ಅತ್ತೆ. ಕಾಗದದಲ್ಲಿ ಇರೋದೇ ಅಷ್ಟು.’

‘ಇನ್ನೊಂಚೂರು, ತಾಯಿ.’

ಅತ್ತೆಯ ಬಾಯಿಂದ ‘ತಾಯಿ’ ಎಂಬುದು ಬಂದದ್ದು ಅದೇ ಮೊದಲು. ಸೊಸೆ ಆ ಕಣ್ಣುಗಳನ್ನು ನೋಡಲಾರದೆ ಪರದೆಯ ಕಡೆ ತಿರುಗಿದಳು. ಮಸುಕು ಮುಖವನ್ನು ಸ್ಪಷ್ಟ ಮಾಡುವ ಹೊಸ ಪ್ರೋಗ್ರಾಂ ಒಂದನ್ನು ಹಿಂದಿನ ವಾರವಷ್ಟೇ ಹಾಕಿಸಿಕೊಂಡಿದ್ದಳು. ಅದನ್ನು ಒತ್ತಿದಳು. ಒಂದು ಚಕ್ರ ತಿರುಗಿತು, ನಿಂತಿತು. ಮುಖ ಬಂತು. ಕಣ್ಣು, ಮೂಗು, ತುಟಿ, ತೆಳುವಾದ ನಗು, ಸಾಲು ಹಲ್ಲು, ಎಲ್ಲವೂ ನಿನ್ನೆ ತೆಗೆದಂತೆ.

ಮಡಕೆಯಕ್ಕ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಳು. ‘ಎಷ್ಟು ಚೆನ್ನಾಗಿದ್ದಾಳಲ್ಲೇ’ ಎಂದಳು.

ಸೊಸೆ ಏನೂ ಹೇಳಲಿಲ್ಲ. ಹೇಳಬೇಕಾದದ್ದು ಒಂದಿತ್ತು.

ಆ ಮುಖ ದೊಡ್ಡದಾಗಿ ಅಚ್ಚಾಗಿ, ಚೌಕಟ್ಟು ಹಾಕಿಸಿಕೊಂಡು, ತಿಗರಿಯ ಎದುರಿನ ಗೋಡೆಗೆ ಬಂತು. ಒಂಬತ್ತು ದಿನ ಮಡಕೆಯಕ್ಕ ಅದರ ಕಣ್ಣೆದುರಿಗೆ ಮಣ್ಣು ತಿರುಗಿಸಿದಳು. ಸೊಟ್ಟಗಾದ ಮಡಕೆಯನ್ನು ಮುದ್ದೆ ಮಾಡಿ ಒಗೆಯುವಾಗ ಗೋಡೆಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು.

ಹತ್ತನೆಯ ದಿನ ಚಿಕ್ಕಮ್ಮ ಮತ್ತೆ ಬಂದಳು. ಚಪ್ಪರದಡಿ ನಿಂತು ಗೋಡೆ ನೋಡಿದಳು.

‘ಯಾರೇ ಇವಳು? ಸಿನಿಮಾದೋಳಾ?’

‘ಅಮ್ಮ ಅಲ್ವಾ ಚಿಕ್ಕಮ್ಮ.’

‘ನಮ್ಮಕ್ಕನಾ ಇವಳು? ಆವಿಗೆಯ ಬೆಂಕಿ ನೆಕ್ಕಿ ಅಕ್ಕನ ಎಡಹುಬ್ಬು ಅರ್ಧ ಇರ್ಲಿಲ್ಲ. ಮುಂದಿನ ಹಲ್ಲು ಒಂದರ ಮೇಲೊಂದು ಹತ್ಕೊಂಡು ಕೂತಿದ್ವು. ನಗು ಬಂದ್ರೆ ಬಾಯಿ ಮುಚ್ಕೊಂಡು ಓಡೋಳು. ಇವಳು ಯಾರೋ ಹಲ್ಲುಪುಡಿ ಮಾರೋಳ ಥರ ನಿಂತಿದ್ದಾಳೆ.’

ಮಡಕೆಯಕ್ಕ ತಿಗರಿ ನಿಲ್ಲಿಸಿದಳು. ಸೊಸೆ ಬಾಗಿಲಲ್ಲೇ ನಿಂತಿದ್ದಳು; ಅವಳ ಮುಖವೇ ಎಲ್ಲವನ್ನೂ ಹೇಳುತ್ತಿತ್ತು.

‘ಆ ಪ್ರೋಗ್ರಾಂಗೆ ಲಕ್ಷಾಂತರ ಮುಖ ಗೊತ್ತು ಅತ್ತೆ. ಮಸುಕಾಗಿರೋ ಕಡೆ ತನಗೆ ತೋಚಿದ್ದನ್ನ ತುಂಬುತ್ತೆ. ಅವತ್ತೇ ಹೇಳ್ಬೇಕಿತ್ತು. ನಿಮ್ಮನ್ನ ನೋಡಿ ಬಾಯಿ ಬರ್ಲಿಲ್ಲ.’

ಅತ್ತೆ ಬೈಯುತ್ತಾಳೆಂದು ಸೊಸೆ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

‘ಮೊದ್ಲು ಕಣ್ಣು ಮುಚ್ಚಿದ್ರೆ ಯಾರೂ ಬರ್ತಿರ್ಲಿಲ್ಲ ಕಣೇ’ ಎಂದಳು ಮಡಕೆಯಕ್ಕ. ‘ಆ ಜಾಗ ಖಾಲಿ ಇತ್ತು. ಖಾಲಿ ಇದ್ರೂ ಅದು ನಮ್ಮಮ್ಮಂದೇ ಜಾಗ. ಈಗ ಕಣ್ಣು ಮುಚ್ಚಿದ್ರೆ ಇವಳು ಬರ್ತಾಳೆ. ಗೋಡೆಯಿಂದ ಇಳಿಸ್ಬಹುದು. ಒಳಗಿಂದ ಇವಳನ್ನ ಕಳಿಸೋದು ಹೇಗೆ, ಹೇಳು?’

ಸೊಸೆ ಚೌಕಟ್ಟನ್ನು ಇಳಿಸಿ ಒಯ್ದಳು. ಗೋಡೆಯ ಮೇಲೆ ಮೊಳೆ ಉಳಿಯಿತು. ಅತ್ತೆ ಸೊಸೆಯರ ನಡುವೆ ಮಾತು ನಿಂತಿತು. ‘ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡಿರೋ ಮನೇಲಿ ಮಾತಾಡೋಕೆ ಒಬ್ರು ಬೇಕಲ್ಲ’ ಎಂದು ಚಿಕ್ಕಮ್ಮ ಚೀಲ ಬಿಚ್ಚಿ ಉಳಿದುಬಿಟ್ಟಳು.

ಸೊಸೆ ಮೂರು ದಿನ ಹಳೆಯ ಫೋಟೋದ ಮುಂದೆ ಕೂತಳು. ಈ ಸಲ ಯಂತ್ರದ ಊಹೆಗೆ ಏನನ್ನೂ ಬಿಡಲಿಲ್ಲ. ಕಾಗದದಲ್ಲಿ ನಿಜವಾಗಿ ಇರುವುದೆಷ್ಟು, ಅಷ್ಟನ್ನೇ ಅಂಗುಲ ಅಂಗುಲವಾಗಿ ಹುಡುಕಿದಳು. ಮೂರನೆಯ ದಿನ ಮಧ್ಯಾಹ್ನ ಹಿತ್ತಲಿಗೆ ಬಂದು, ತಾನೇ ಮಾತು ಮುರಿದಳು.

‘ಅತ್ತೆ, ಮುಖ ಇಲ್ಲ. ಆದ್ರೆ ಕೊಡ ಇದೆ. ಒಂದ್ಸಲ ನೋಡಿ.’

ಬರುವುದಿಲ್ಲ ಎನ್ನಬೇಕೆಂದೇ ಮಡಕೆಯಕ್ಕ ಬಾಯಿ ತೆರೆದಳು. ಕೊಡ ಎಂದ ಮೇಲೆ ಕಾಲು ಕೇಳಲಿಲ್ಲ. ಮುಖಕ್ಕಿಂತ ಬಿಸಿಲಿನ ಅಂಚಿಗೆ ಹತ್ತಿರವಿದ್ದ ಆ ಕೊಡದ ಕಂಠ ಪರದೆಯಲ್ಲಿ ಕಾಣುತ್ತಿತ್ತು. ಕಂಠದ ಕೆಳಗೆ ಸುತ್ತಲೂ ಒಂದು ಸಾಲು ಗುಳಿ. ಹಸಿ ಮಣ್ಣಿಗೆ ಬೆರಳೊತ್ತಿ ಮಾಡಿದ ಅಂಚು. ಐದಾರನ್ನು ಎಣಿಸುವಷ್ಟರಲ್ಲಿ ಮಡಕೆಯಕ್ಕನಿಗೆ ಗುರುತು ಹತ್ತಿತು. ತನ್ನ ಹಿತ್ತಲ ಚಪ್ಪರದ ಮೂಲೆಯಲ್ಲಿ ಇರುವುದೂ ಇದೇ, ಕೆಮ್ಮಣ್ಣಿನ ಬಣ್ಣ ಕದಡಿಡುವ ಕೊಡ. ಅವಳಿಗೆ ಬುದ್ಧಿ ಬಂದಾಗಿನಿಂದ ಅಲ್ಲೇ ಕೂತಿದ್ದದ್ದು. ದಿನಾ ಅದರೊಳಗೆ ಬಟ್ಟೆ ಅದ್ದಿ ಮಡಕೆಗಳಿಗೆ ಬಣ್ಣ ಬಳಿದಿದ್ದಳು. ಮೈಮೇಲೆ ಬಣ್ಣ ಸುರಿದು ಸುರಿದು ಒಣಗಿ, ಹೊರಗಿನ ಆಕಾರವೇ ಮುಚ್ಚಿಹೋಗಿತ್ತು. ಕಂಠದ ಬಳಿ ಹನ್ನೊಂದು ಗುಳಿಗಳ ಏರಿಳಿತ ಮಾತ್ರ ಬೆರಳಿಗೆ ಗೊತ್ತಿತ್ತು.

‘ಅದು ಅಪ್ಪ ಮಾಡಿದ ಕೊಡ’ ಎಂದಳು.

‘ನಿಮ್ಮಪ್ಪ ಯಾವತ್ತು ಹೀಗೆ ಚಿತ್ತಾರ ಮಾಡಿದ್ದ?’ ಚಿಕ್ಕಮ್ಮ ಹಿಂದಿನಿಂದ ಮೂಗು ತೂರಿಸಿದಳು. ‘ಅವನಿಗೆ ಹೊಟ್ಟೆ ಇರೋ ಮಡಕೆ ಸಾಕಿತ್ತು. ಹೆಂಗಸರು ಮಣ್ಣು ತುಳಿಯೋಕೆ, ಬಣ್ಣ ಬಳಿಯೋಕೆ. ತಿಗರಿ ಮುಟ್ಟೋ ಹಾಗಿರ್ಲಿಲ್ಲ. ಅವನು ಸೌದೆಗೆ ಹೋದ ದಿನ ಅಕ್ಕ ಕದ್ದು ಮಾಡಿದ್ದು ಅದು. ವಾಪಸ್ ಬಂದು ನೋಡಿ, ಬಳೆ ಹಾಕಿರೋ ಕೊಡ ಅಂತ ನಕ್ಕ. ಮಾರೋಕೆ ಬಿಡ್ಲಿಲ್ಲ ಅವಳು. ಸಂತೆಗೂ ಹೊತ್ಕೊಂಡ್ ಹೋದ್ಲು. ನೋಡು, ಹೇಗೆ ಅಡ್ಡ ಹಿಡ್ಕೊಂಡಿದ್ದಾಳೆ. ಯಾಕೆ ಹಾಗೆ ಹಿಡ್ಕೊಂಡಿದ್ದಾಳೆ, ಗೊತ್ತಾ?’

‘ಯಾಕೆ?’

‘ಹೊಟ್ಟೆ ಕಾಣ್ಬಾರ್ದು ಅಂತ. ಏಳು ತಿಂಗಳು. ಆ ಕೊಡದ ಹಿಂದೆ ಇರೋದು ನೀನೇ ಕಣೇ, ಪೆದ್ದಿ.’

ಮಡಕೆಯಕ್ಕ ಪರದೆಯನ್ನೇ ನೋಡಿದಳು. ತಾನೂ ಆ ನೆರಳಲ್ಲಿ ಇದ್ದೆ ಎಂಬುದು ಅವಳ ಮೈಯೊಳಗೆ ನಿಧಾನವಾಗಿ ಇಳಿಯಿತು.

ಕೊಡ ಖಾಲಿಯಾಯಿತು. ಒದ್ದೆ ಗೋಣಿ ಸುತ್ತಿ ಒಂದು ಹಗಲು ಇಟ್ಟು, ಮೆತ್ತಗಾದ ಬಣ್ಣವನ್ನು ಬರೀ ನೀರಿನಿಂದ, ಮಗುವಿನ ತಲೆ ತೊಳೆದ ಹಾಗೆ ತೊಳೆದಳು. ಒಳಗಿನಿಂದ ತೆಳ್ಳಗಿನ, ಹಗುರವಾದ, ಸ್ವಲ್ಪ ಎಡಕ್ಕೆ ವಾಲಿದ ಕೊಡ ಹೊರಬಂತು. ಹೊಸಬಳ ಕೈಯೆಂದು ವಾಲಿದ್ದೇ ಹೇಳುತ್ತಿತ್ತು. ಆ ಗುಳಿಗಳನ್ನು ಹತ್ತಿರದ ಲೆನ್ಸಿನಲ್ಲಿ ನೋಡಬೇಕು ಎಂದಿದ್ದಳು ಸೊಸೆ. ಸ್ಟುಡಿಯೋಗೆ ಒಯ್ಯುವ ಮೊದಲು ಮಡಕೆಯಕ್ಕ, ಗಿರಾಕಿಯ ಮುಂದಿಡುವ ಎಲ್ಲ ಮಡಕೆಗೂ ಮಾಡುವಂತೆ, ಕೈಗೆ ಎರಡು ತೊಟ್ಟು ಎಣ್ಣೆ ಹಾಕಿಕೊಂಡು ಕಂಠವನ್ನೆಲ್ಲ ಒರಸಿ ಫಳಫಳ ಅನ್ನಿಸಿದಳು.

ಸೊಸೆ ದೀಪ ಹಾಕಿ ನೋಡಿದಳು. ಕಂಠದ ತುಂಬ ಬಿಳಿ ಬಿಳಿ ಮಚ್ಚೆ. ದೀಪವೇ ಕಾಣುತ್ತಿತ್ತು, ಕೊಡ ಕಾಣುತ್ತಿರಲಿಲ್ಲ.

‘ಎಣ್ಣೆ ಹಚ್ಚಿದ್ರಾ?’

‘ಅಮ್ಮನ ಕೊಡ ಕಣೇ. ಹಾಗೇ ಬರಿಮೈಲಿ ತರ್ಲಾ?’

‘ಅಯ್ಯೋ ಅತ್ತೆ! ಗುಳಿ ಒಳಗೆಲ್ಲ ಎಣ್ಣೆ ನಿಂತು ಕನ್ನಡಿ ಆಗಿದೆ. ಒಳಗೇನಿದೆ ಅಂತ ಹೇಗೆ ನೋಡೋದು?’

ಮಡಕೆಯಕ್ಕನ ಮುಖ ಇಳಿಯಿತು. ಉಜ್ಜಿ ತೆಗೆದರೆ ಇರುವುದೂ ಹೋದೀತು. ಆಮೇಲೆ ಅವಳೇ ದಾರಿ ಕಂಡುಕೊಂಡಳು. ಒಣ ಜೇಡಿಮಣ್ಣನ್ನು ಹಿಟ್ಟಿನಂತೆ ಜರಡಿ ಹಿಡಿದು, ಗುಳಿಗಳಿಗೆಲ್ಲ ತುಂಬಿ, ಬಿಸಿಲಲ್ಲಿಟ್ಟು ಕಾದಳು. ಎಣ್ಣೆ ಹೀರಿದ ಪುಡಿಯನ್ನು ಊದಿ, ಹೊಸದನ್ನು ತುಂಬಿದಳು. ಹೀಗೆ ಎರಡು ದಿನ. ಚಿಕ್ಕಮ್ಮ ಅಲ್ಲೇ ಕೂತು, ‘ಮುಖಕ್ಕೆ ಪೌಡರ್ ಹಾಕಿದ್ದು ಸಾಕು, ಹೆಣ್ಣು ನೋಡೋಕೆ ಯಾರೂ ಬರ್ತಿಲ್ಲ’ ಎನ್ನುತ್ತ ನೊಣ ಓಡಿಸಿದಳು.

ಮೂರನೆಯ ಬೆಳಿಗ್ಗೆ ಕೊಡ ಮತ್ತೆ ಮೇಜಿಗೇರಿತು. ಸೊಸೆ ಎರಡು ಛತ್ರಿ ದೀಪಗಳನ್ನೂ ಎದುರಿಗೆ ಹೊತ್ತಿಸಿದಳು. ಕಂಠ ಬರೀ ಕಂದುಬಣ್ಣದ ಮಣ್ಣು. ಮೂರನೆಯ ದೀಪ ತಂದಳು. ಇನ್ನೂ ಸಪಾಟಾಯಿತು.

ಅವಳು ಮೇಜಿನ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಕಿಟಕಿಯ ಪರದೆ ಎಳೆದು, ದೀಪಗಳನ್ನು ಒಂದೊಂದಾಗಿ ಆರಿಸಿದಳು. ಛತ್ರಿಯಿಲ್ಲದ ಒಂದು ಚಿಕ್ಕ ದೀಪವನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ, ಕೊಡದ ಪಕ್ಕಕ್ಕೆ ಮಲಗಿಸಿದಂತೆ ಇಟ್ಟಳು.

‘ಬೆಳಕು ಕಮ್ಮಿ ಆಯ್ತಲ್ಲೇ’ ಎಂದಳು ಅತ್ತೆ.

‘ಬೆಳಿಗ್ಗೆ ಸೂರ್ಯ ಹುಟ್ಟುವಾಗ ಹೊಲ ನೋಡಿದ್ದೀರಲ್ಲ? ಒಂದೊಂದು ಹೆಂಟೆಗೂ ನೆರಳಿರುತ್ತೆ. ನಡುಮಧ್ಯಾಹ್ನ ಏನೂ ಇರಲ್ಲ. ಹಾಗೇ ಇದು. ಈಗ ನೋಡಿ.’

ದೀಪ ಹೊತ್ತಿತು. ಬೆಳಕು ಕಂಠವನ್ನು ಸವರಿಕೊಂಡು ಹೋಯಿತು. ಕಣ್ಣೆದುರಿನ ಒಂದೊಂದು ಗುಳಿಯಲ್ಲೂ ಅರ್ಧ ನೆರಳು ತುಂಬಿತು, ಅರ್ಧ ಬೆಳಗಿತು. ಸೊಸೆ ಹತ್ತಿರದ ಲೆನ್ಸನ್ನು ಒಂದು ಗುಳಿಗೆ ನೆಟ್ಟು, ಉಸಿರು ಹಿಡಿದು ಒತ್ತಿದಳು. ಪರದೆಯ ಮೇಲೆ ಆ ಗುಳಿ ಕೊಳದಷ್ಟು ದೊಡ್ಡದಾಗಿ ತೆರೆಯಿತು.

ಅದರೊಳಗೆ ಗೆರೆಗಳಿದ್ದವು.

ಸಣ್ಣ ಸಣ್ಣ, ಒತ್ತೊತ್ತು ಗೆರೆಗಳು. ಉತ್ತ ಹೊಲದ ಸಾಲುಗಳ ಹಾಗೆ ಬಾಗಿ, ಸುತ್ತಿ, ನಡುವೆ ಒಂದು ಸುಳಿಯಾಗಿ ಕೂಡಿದ್ದವು. ಒಂದೊಂದು ಗೆರೆಯ ಪಕ್ಕದಲ್ಲೂ ಕೂದಲೆಳೆಯಷ್ಟು ನೆರಳು. ಬೆವರಿನ ರಂಧ್ರಗಳು ಕೂಡ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದವು. ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಹೊಡೆಯಿತು. ಅದು ಬೇರೆ ಯಾವುದೋ ಕಾಲದಿಂದ ಕೇಳಿಸಿದಂತಿತ್ತು.

‘ಇದನ್ನೂ ನಿನ್ನ ಪ್ರೋಗ್ರಾಂ ತುಂಬಿದ್ದಾ?’ ಮಡಕೆಯಕ್ಕ ಸೊಸೆಯ ಕಡೆ ತಿರುಗಿದಳು.

‘ಇಲ್ಲ ಅತ್ತೆ. ಒಂದು ಚುಕ್ಕೆನೂ ನಾನು ಮುಟ್ಟಿಲ್ಲ. ದೀಪ ಇಟ್ಟ ಜಾಗ ಮಾತ್ರ ನಂದು.’

ಸುಳಿಯ ಮೇಲೆ ಅಡ್ಡಕ್ಕೆ ಒಂದು ಬೋಳು ಗೆರೆ ಹಾದುಹೋಗಿತ್ತು. ಚಿಕ್ಕಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಹೊತ್ತಾದರೂ ಏಳಲಿಲ್ಲ. ಎದ್ದಾಗ ಅವಳ ನಾಲಿಗೆಗೆ ಮೊದಲ ಬಾರಿ ವಯಸ್ಸಾಗಿತ್ತು.

‘ಕುಡುಗೋಲು ತಾಗಿದ್ದು. ನಾನು ಕಿತ್ಕೊಳ್ಳೋಕೆ ಹೋದೆ, ಅವಳು ಬಿಡ್ಲಿಲ್ಲ. ಹೆಬ್ಬೆರಳು ಸೀಳ್ತು. ಅಮ್ಮ ಕೇಳಿದ್ರೆ ನಾನೇ ಕುಯ್ಕೊಂಡೆ ಅಂದ್ಲು. ನನ್ನ ಹೆಸರು ಹೇಳಲೇ ಇಲ್ಲ.’ ಬೆರಳಿನಿಂದ ಪರದೆಯ ಆ ಗೆರೆಯನ್ನು ಸವರಿದಳು. ‘ಇದು ಅಕ್ಕ.’

ಮಡಕೆಯಕ್ಕ ಮೇಜಿನ ಬಳಿಗೆ ಹೋದಳು. ಕೈಯನ್ನು ಬಟ್ಟೆಗೆ ಎರಡು ಸಲ ಒರಸಿಕೊಂಡು, ತನ್ನ ಬಲಗೈ ಹೆಬ್ಬೆರಳನ್ನು ಆ ಗುಳಿಗೆ ಇಟ್ಟಳು. ಹಿಡಿಯಲಿಲ್ಲ. ಪಕ್ಕದ ಗುಳಿಗೆ ಇಟ್ಟಳು. ಅದರಲ್ಲೂ ಹಿಡಿಯಲಿಲ್ಲ. ಸುಟ್ಟ ಮೇಲೆ ಮಣ್ಣು ಎಷ್ಟು ಕುಗ್ಗುತ್ತದೆಂಬ ಲೆಕ್ಕ ಅವಳ ಕೈಗೆ ಬಾಯಿಪಾಠ. ಆ ಲೆಕ್ಕ ಬಿಟ್ಟುಕೊಟ್ಟು ನೋಡಿದರೂ ಅವಳ ಬೆರಳೇ ದೊಡ್ಡದು.

‘ಚಿಕ್ಕಮ್ಮ, ಆಗ ಅವಳಿಗೆ ಎಷ್ಟು ವರ್ಷ?’

‘ಹದಿನೇಳು ತುಂಬಿತ್ತೋ ಇಲ್ವೋ. ಅಷ್ಟೇ ಇದ್ಲು, ಕೋಳಿಮರಿ ಥರ.’

ಮಡಕೆಯಕ್ಕ ಕೊಡದ ಮುಂದೆ ಕೂತಳು. ಇಷ್ಟು ವರ್ಷ ತಾಯಿಯೆಂದರೆ ತನಗಿಂತ ದೊಡ್ಡವಳು, ಎತ್ತರದವಳು, ಮುಖ ಎತ್ತಿ ನೋಡಬೇಕಾದವಳು ಎಂದೇ ಹುಡುಕಿದ್ದಳು. ಕಣ್ಣು ಮುಚ್ಚಿದಳು. ಗೋಡೆಯ ಮೇಲಿದ್ದ ಆ ಚೆಲುವೆ ಬಂದಳು, ಸಾಲು ಹಲ್ಲು ತೋರಿಸುತ್ತ. ಬರಲಿ ಎಂದು ಮಡಕೆಯಕ್ಕ ಸುಮ್ಮನಿದ್ದಳು. ಆಗ ಕೆಳಗಿನಿಂದ ಒಂದು ಪುಟ್ಟ ಕೈ ಬಂದು, ಮಣ್ಣು ಮೆತ್ತಿದ ಹೆಬ್ಬೆರಳಿಂದ ಹಸಿ ಕಂಠವನ್ನು ಒಂದು ಸಲ ಒತ್ತಿತು, ಕೊಡವನ್ನು ಇಷ್ಟೇ ತಿರುಗಿಸಿತು, ಮತ್ತೆ ಒತ್ತಿತು. ಗಂಡ ಸೌದೆಯಿಂದ ಬರುವುದರೊಳಗೆ ಮುಗಿಸಬೇಕೆಂಬ ಅವಸರ ಆ ಕೈಯಲ್ಲಿತ್ತು. ಹನ್ನೊಂದನೆಯ ಗುಳಿಯ ಹೊತ್ತಿಗೆ ಆ ಚೆಲುವೆ ಎಲ್ಲಿ ಹೋದಳೋ ಕಾಣಲಿಲ್ಲ.

‘ಅಲ್ಲೊಂದು ಬಿರುಕಿದೆ ಅತ್ತೆ, ಕಂಠದ ಹತ್ರ’ ಎಂದಳು ಸೊಸೆ ಮೆಲ್ಲಗೆ. ‘ಗೋಡೆಗೆ ದೊಡ್ಡದಾಗಿ ಹಾಕೋವಾಗ ಅದನ್ನ ತೆಗೆದುಬಿಡ್ಲಾ? ಒಂದು ನಿಮಿಷದ ಕೆಲಸ.’

‘ಏನೂ ಮುಟ್ಟಬೇಡ.’ ಮಡಕೆಯಕ್ಕ ಕಣ್ಣು ತೆರೆದಳು. ಓರೆ ಬೆಳಕಿನಲ್ಲಿ ಗುಳಿಗಳು ಹಾಗೇ ತೆರೆದುಕೊಂಡು ಕೂತಿದ್ದವು. ಅವಳು ಕೊಡದ ವಾಲಿದ ಹೆಗಲ ಮೇಲೆ ಅಂಗೈ ಇಟ್ಟಳು, ಪೆಟ್ಟು ಬಿದ್ದ ಮಗುವಿನ ಬೆನ್ನ ಮೇಲಿಟ್ಟ ಹಾಗೆ.

‘ಚಿಕ್ಕಮ್ಮ, ಇವಳನ್ನ ಈಗ ನಾನು ಅಮ್ಮ ಅನ್ನಲೋ, ಮಗಳೇ ಅನ್ನಲೋ?’

ಸೊಸೆ ದೀಪ ಆರಿಸಲು ಕೈ ಚಾಚಿದಳು. ಆಮೇಲೆ ಕೈ ಹಿಂದಕ್ಕೆ ತಂದುಕೊಂಡಳು.